ಒಂದು ಬಿಸಿಲು, ಎರಡು ಕಿಟಕಿ: ಬಣ್ಣದ ಗಾಜಿನ ನೆರಳು ಗಡಿಯಾರ

ನೆರಳು ಗಡಿಯಾರ ಎಂದೊಡನೆ ತೋಟದ ನಡುವಿನ ಕಲ್ಲುಕಂಬವೂ ಅದರ ಮೇಲಿನ ಹಿತ್ತಾಳೆ ತಟ್ಟೆಯೂ ನೆನಪಿಗೆ ಬರುತ್ತವೆ. ಹೊತ್ತೆಷ್ಟಾಯಿತೆಂದು ತಿಳಿಯಲು ಬಿಸಿಲಿಗೆ ಇಳಿದು ಹೋಗಬೇಕು. ಬಣ್ಣದ ಗಾಜಿನ ನೆರಳು ಗಡಿಯಾರಕ್ಕೆ ಆ ಓಡಾಟ ಬೇಡ. ಕಿಟಕಿಯ ಗಾಜೇ ಅದರ ಮುಖ. ಕಡ್ಡಿ ಹೊರಗಿರುತ್ತದೆ, ಬಿಸಿಲೂ ಹೊರಗೇ ಬೀಳುತ್ತದೆ, ನೆರಳು ಗಾಜಿನ ಮೂಲಕ ಒಳಗೆ ಕಾಣುತ್ತದೆ. ಮನೆಯವರು ಕೂತಲ್ಲಿಂದಲೇ ಹೊತ್ತು ನೋಡಿಕೊಳ್ಳಬಹುದು.

ಇಂಥ ಗಾಜುಗಳಿಗೆ ಹೆಸರಾದ ನಾಡು ಇಂಗ್ಲೆಂಡ್. ಮೈಸೂರಿನಲ್ಲೂ ಬಣ್ಣದ ಗಾಜು ಬೇಕಾದಷ್ಟಿದೆ, ಬಿಸಿಲಿಗಂತೂ ಬರವಿಲ್ಲ. ಆದರೆ ಲಂಡನ್ನಿನ ಗಾಜೊಂದನ್ನು ತಂದು ಮೈಸೂರಿನ ಕುಂಬಾರಕೊಪ್ಪಲಿನ ಮನೆಯ ಕಿಟಕಿಗೆ ಕೂರಿಸಿದರೆ ಅದು ಸರಿಯಾದ ಹೊತ್ತು ಹೇಳುವುದಿಲ್ಲ. ನಮ್ಮ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯನ್ನು ದಾಟಿ ಮನೆಯ ಇನ್ನೊಂದು ಮಗ್ಗುಲಿಗೆ ಹೋಗುತ್ತಾನೆ. ಇಲ್ಲಿನ ಮನೆಗೆ ಒಂದು ಗಾಜು ಸಾಲದು, ಎರಡು ಬೇಕು.

ಗಾಜು, ಸೀಸ, ಬೆಂಕಿ

ಬಣ್ಣದ ಗಾಜಿನ ಗಡಿಯಾರ ಎಂದು ಕರೆದರೂ ನೆರಳು ಬೀಳುವ ಜಾಗದಲ್ಲಿ ಬಣ್ಣ ಕಡಿಮೆ. ಕಡುನೀಲಿ, ಕಡುಕೆಂಪು ಗಾಜಿನ ಮೇಲೆ ಕಡ್ಡಿಯ ನೆರಳು ಗುರುತಿಗೆ ಸಿಗುವುದಿಲ್ಲ. ತಿಳಿಗಾಜಿನ ಮೇಲಾದರೆ ನೆರಳು ನಿಲ್ಲುವುದೇ ಇಲ್ಲ, ಗಾಜನ್ನು ಹಾಯ್ದು ನೆಲಕ್ಕೆ ಬೀಳುತ್ತದೆ. ಹಾಗಾಗಿ ಮುಖದ ಭಾಗಕ್ಕೆ ಹಾಲಿನಂಥ ತೆಳು ಬಿಳಿ ಲೇಪ ಕೊಡುತ್ತಾರೆ. ನೆರಳು ಅದರ ಮೇಲೆ ನಿಲ್ಲುತ್ತದೆ, ಒಳಗಿನವರ ಕಣ್ಣಿಗೂ ಕಾಣುತ್ತದೆ. ಹೂಬಳ್ಳಿ, ಹಕ್ಕಿ, ಮನೆತನದ ಲಾಂಛನಗಳೆಲ್ಲ ಅಂಚಿನಲ್ಲಿ.

ಗಂಟೆಯ ಗೆರೆ ಮತ್ತು ಅಂಕಿಗಳಿಗೆ ಬಳಸುವುದು ಕಬ್ಬಿಣದ ಆಕ್ಸೈಡಿನ ಜೊತೆ ನುಣ್ಣಗೆ ಅರೆದ ಗಾಜಿನ ಪುಡಿ ಕಲಸಿ ಮಾಡಿದ ಕಪ್ಪು ಬಣ್ಣ. ಹಳದಿ ಬರುವುದು ಬೆಳ್ಳಿಯಿಂದ. ಬೆಳ್ಳಿಯ ಲವಣವನ್ನು ಗಾಜಿಗೆ ಹಚ್ಚಿ ಸುಟ್ಟರೆ ತೆಳು ನಿಂಬೆ ಬಣ್ಣದಿಂದ ಕಿತ್ತಳೆಯವರೆಗೆ ಛಾಯೆಗಳು ಏಳುತ್ತವೆ. ಇದು ಹದಿನಾಲ್ಕನೆಯ ಶತಮಾನದಿಂದ ಯೂರೋಪಿನ ಗಾಜುಗಾರರು ಬಲ್ಲ ವಿದ್ಯೆ. ಬಣ್ಣ ಕೂರಿಸಲು ಗೂಡಿನಲ್ಲಿ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಬೇಕು. ಕುಂಬಾರರ ಆವಿಗೆಯ ಕೆಲಸ ಬಲ್ಲವರಿಗೆ ಈ ಮಾತು ಬೇಗ ತಿಳಿಯುತ್ತದೆ: ಕೈ ಬಳಿದದ್ದನ್ನು ಉಳಿಸಿಕೊಡುವುದು ಬೆಂಕಿ. ಆಮೇಲೆ ತುಂಡುಗಳನ್ನು ಎರಡೂ ಬದಿಗೆ ತೋಡಿರುವ ಸೀಸದ ಪಟ್ಟಿಗಳಲ್ಲಿ ಸಿಕ್ಕಿಸಿ, ಸೇರುವೆಗಳಿಗೆ ಬೆಸುಗೆ ಹಾಕುತ್ತಾರೆ.

ಇಂಗ್ಲೆಂಡಿನಲ್ಲಿ ಇದು ಹೆಚ್ಚಾಗಿ ಅರಳಿದ್ದು ಹದಿನೇಳನೆಯ ಶತಮಾನದಲ್ಲಿ. ಲಂಡನ್ನಿನ ಜಾನ್ ಆಲಿವರ್ (1616–1701) ಗಾಜಿನ ಚಿತ್ರಗಾರ. 1666ರ ಮಹಾ ಬೆಂಕಿಯ ನಂತರ ಊರನ್ನು ಮತ್ತೆ ಕಟ್ಟುವಾಗ ಅಳತೆಯ ಅಧಿಕಾರಿಗಳಲ್ಲಿ ಒಬ್ಬರಾಗಿದ್ದವರು. ಕೋನ ಅಳೆಯುವ ಕಣ್ಣು, ಚಿತ್ರ ಬರೆಯುವ ಕೈ ಎರಡೂ ಒಬ್ಬರಲ್ಲೇ ಕೂಡಿದಾಗ ಇಂಥ ಗಾಜು ಹುಟ್ಟುತ್ತದೆ. ಯಾರ್ಕ್ ಊರಿನ ಹೆನ್ರಿ ಗೈಲ್ಸ್ (1645–1709) 1670ರಲ್ಲಿ ನನ್ ಆಪಲ್ಟನ್ ಎಂಬ ದೊಡ್ಡ ಮನೆಗೆ ನಾಲ್ಕು ಋತುಗಳ ಚಿತ್ರವಿರುವ ಗಡಿಯಾರದ ಗಾಜು ಮಾಡಿಕೊಟ್ಟರು.

ಈ ಗಾಜುಗಳಲ್ಲಿ ಹಲವುಗಳ ಮೇಲೆ ಒಂದು ನೊಣ ಕೂತಿರುತ್ತದೆ. ಇಂಗ್ಲಿಷಿನಲ್ಲಿ ನೊಣಕ್ಕೂ ಹಾರುವುದಕ್ಕೂ ಒಂದೇ ಪದ. ಹೊತ್ತು ಹಾರುತ್ತದೆ ಎಂಬ ಮಾತಿಗೆ ಈ ಚಿತ್ರ. ರೆಕ್ಕೆಯನ್ನು ಗಾಜಿನ ಒಂದು ಬದಿಗೆ, ಕಾಲುಗಳನ್ನು ಇನ್ನೊಂದು ಬದಿಗೆ ಬರೆದು, ನಿಜವಾದ ನೊಣವೇ ಕೂತಿದೆ ಎನಿಸುವಂತೆ ಮಾಡುತ್ತಿದ್ದರು. ಗಾಜಿನ ದಪ್ಪವನ್ನೇ ನೊಣದ ಮೈಯಾಗಿಸಿದ ಆ ಜಾಣ್ಮೆಯನ್ನು ನಾನು ಬಹಳ ಮೆಚ್ಚುತ್ತೇನೆ.

ಉಳಿದು ಬಂದ ಗಾಜುಗಳಲ್ಲಿ ಅನೇಕಕ್ಕೆ ಈಗ ಕಡ್ಡಿಯಿಲ್ಲ, ಅದನ್ನು ಸಿಕ್ಕಿಸಿದ್ದ ತೂತು ಮಾತ್ರ ಇದೆ. ಕೆಲವನ್ನು ಬಿಚ್ಚಿ ಬೇರೆ ದಿಕ್ಕಿನ ಕಿಟಕಿಗೆ ಹಾಕಿದ್ದಾರೆ. ದಿಕ್ಕು ತಪ್ಪಿದ ಗಾಜು ನೋಡಲು ಚೆಂದ, ಹೊತ್ತು ಹೇಳಲಾರದು.

ಮೈಸೂರಿನ ಗಾಜು

1897ರಲ್ಲಿ ಸುಟ್ಟುಹೋದ ಅರಮನೆಯ ಜಾಗದಲ್ಲಿ ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ ಎದ್ದು 1912ರಲ್ಲಿ ಮುಗಿದ ಈಗಿನ ಅರಮನೆಯಲ್ಲಿ, ಎಂಟು ಮೂಲೆಯ ಕಲ್ಯಾಣ ಮಂಟಪದ ಮೇಲೆ ನವಿಲುಗಳ ಬಣ್ಣದ ಗಾಜಿನ ಛಾವಣಿ ಇದೆ. ಅದನ್ನು ಹೊತ್ತ ಎರಕದ ಕಂಬಗಳು ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಕಾರ್ಖಾನೆಯಿಂದ ಬಂದವು. 1933ರಲ್ಲಿ ಅಡಿಗಲ್ಲು ಬಿದ್ದ ಸೇಂಟ್ ಫಿಲೋಮಿನಾ ಚರ್ಚಿನಲ್ಲಿ ಕ್ರಿಸ್ತನ ಬದುಕಿನ ಚಿತ್ರಗಳಿರುವ ಕಿಟಕಿಗಳು ಫ್ರಾನ್ಸಿನವು. ಎರಡೂ ಕಡೆ ಗಾಜಿನ ಕೆಲಸ ಅಂದ ಮತ್ತು ಭಕ್ತಿಗಾಗಿ. ಹೊತ್ತು ಹೇಳುವ ಕೆಲಸವನ್ನು ಈ ಊರು ಗೋಪುರಗಳಿಗೆ ಒಪ್ಪಿಸಿತು: 1886ರ ಚಿಕ್ಕ ಗಡಿಯಾರ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಎದ್ದ 75 ಅಡಿಯ ದೊಡ್ಡ ಗಡಿಯಾರ.

ಕುಂಬಾರಕೊಪ್ಪಲಿನ ಲೆಕ್ಕ

ಮೈಸೂರಿನ ಸುತ್ತ ಕೊಪ್ಪಲುಗಳು ಹಲವು. ಕನ್ನೇಗೌಡನ ಕೊಪ್ಪಲು, ತೊಣಚಿಕೊಪ್ಪಲು, ಹೀಗೆ. ಊರು ಬೆಳೆದು ಅವನ್ನೆಲ್ಲ ತನ್ನೊಳಗೆ ಸೇರಿಸಿಕೊಂಡಿದೆ. ಮೇಟಗಳ್ಳಿ, ಗೋಕುಲಂ ಕಡೆಯ ಕುಂಬಾರಕೊಪ್ಪಲೂ ಅಂಥದ್ದೇ ಒಂದು. ನೆರಳು ಗಡಿಯಾರಕ್ಕೆ ಈ ಜಾಗದ ಎರಡು ಸಂಖ್ಯೆಗಳು ಸಾಕು: ಅಕ್ಷಾಂಶ ಉತ್ತರಕ್ಕೆ ಸುಮಾರು 12.3 ಡಿಗ್ರಿ, ರೇಖಾಂಶ ಪೂರ್ವಕ್ಕೆ ಸುಮಾರು 76.6 ಡಿಗ್ರಿ.

ನೆರಳು ಬೀಳಿಸುವ ಕಡ್ಡಿ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು. ಇದು ಎಲ್ಲ ಊರಿಗೂ ಒಂದೇ ನಿಯಮ. ಆಗ ಸೂರ್ಯ ಮೇಲಿರಲಿ ಕೆಳಗಿರಲಿ, ಡಿಸೆಂಬರ್ ಆಗಲಿ ಮಾರ್ಚ್ ಆಗಲಿ, ಹತ್ತು ಗಂಟೆಯ ನೆರಳು ಹತ್ತರ ಗೆರೆಯ ಮೇಲೇ ಬೀಳುತ್ತದೆ. ಲಂಡನ್ನಿನ ಅಕ್ಷಾಂಶ 51.5 ಡಿಗ್ರಿ. ಅಲ್ಲಿ ದಕ್ಷಿಣ ಗೋಡೆಗೆ ನೆಟ್ಟ ಕಡ್ಡಿ ಗೋಡೆಯೊಂದಿಗೆ 38.5 ಡಿಗ್ರಿಯ ಕೋನ ಮಾಡಿ ಕೆಳಕ್ಕೆ ಜೋತಂತಿರುತ್ತದೆ. ಕುಂಬಾರಕೊಪ್ಪಲಿನಲ್ಲಿ ಆ ಕೋನ 77.7 ಡಿಗ್ರಿ. ಅಂದರೆ ಬಟ್ಟೆ ನೇತುಹಾಕುವ ಗೂಟದ ಹಾಗೆ ಗೋಡೆಯಿಂದ ಹೆಚ್ಚುಕಡಿಮೆ ನೇರವಾಗಿ ಹೊರಗೆ ಚಾಚಿ, ತುದಿ ತುಸುವೇ ತಗ್ಗಿರುತ್ತದೆ.

ಗಂಟೆಯ ಗೆರೆಗಳಲ್ಲಿ ನಮಗೊಂದು ಭಾಗ್ಯವಿದೆ. ಮಧ್ಯಾಹ್ನದ ಗೆರೆ ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ. ಅಲ್ಲಿಂದ ಒಂದು ಗಂಟೆಯ ಗೆರೆಗೆ 14.7 ಡಿಗ್ರಿ, ಎರಡಕ್ಕೆ 29.4, ಮೂರಕ್ಕೆ 44.3, ನಾಲ್ಕಕ್ಕೆ 59.4, ಐದಕ್ಕೆ 74.7. ಹೆಚ್ಚುಕಡಿಮೆ ಗಂಟೆಗೆ ಹದಿನೈದರಂತೆ, ಬಿಡಿಸಿಟ್ಟ ಬೀಸಣಿಗೆಯ ಕಡ್ಡಿಗಳಷ್ಟು ಸಮನಾಗಿ. ಲಂಡನ್ನಿನಲ್ಲಿ ಒಂದು ಗಂಟೆಯ ಗೆರೆ 9.5 ಡಿಗ್ರಿಗೇ ಮುಗಿಯುತ್ತದೆ.

ಇದೇ ಕೊಪ್ಪಲಿನಲ್ಲಿ ತಾರಸಿಯ ಮೇಲೆ ಮಟ್ಟಸವಾದ ತಟ್ಟೆ ಇಟ್ಟು ಗೆರೆ ಹಾಕಿದರೆ ಫಲ ತಿರುವುಮುರುವು. ಹನ್ನೆರಡರಿಂದ ಒಂದು ಗಂಟೆಗೆ 3.3 ಡಿಗ್ರಿ ಮಾತ್ರ. ಎರಡು ಗಂಟೆಗೆ 7. ನಡುಹಗಲಿನ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದಂತೆ ಒತ್ತಿಕೊಳ್ಳುತ್ತವೆ, ಐದಕ್ಕೂ ಆರಕ್ಕೂ ನಡುವೆ 51 ಡಿಗ್ರಿಯ ಬಯಲು ಬಿದ್ದಿರುತ್ತದೆ. ಅಂಗಡಿಯಲ್ಲಿ ಸಿಗುವ ವಿದೇಶಿ ಮಾದರಿಯ ಹಿತ್ತಾಳೆ ತಟ್ಟೆಗಳು ನಮ್ಮ ಅಂಗಳದಲ್ಲಿ ತಪ್ಪು ಹೇಳುವುದೂ ಅದಕ್ಕೇ. ಅವನ್ನು ಕೊರೆದದ್ದು ಬೇರೆ ಅಕ್ಷಾಂಶಕ್ಕೆ. ನೆಟ್ಟಗೆ ನಿಂತ ಗಾಜು ನಮ್ಮ ಊರಿಗೆ ಮಲಗಿದ ತಟ್ಟೆಗಿಂತ ಒಳ್ಳೆಯ ಮುಖ.

ಇನ್ನೊಂದು ಸೊಗಸು: ದಕ್ಷಿಣ ಗೋಡೆಯ ನೆರಳನ್ನು ಹೊರಗಿನಿಂದ ನೋಡಿದರೆ ಅದು ಗಡಿಯಾರದ ಮುಳ್ಳಿಗೆ ಎದುರಾಗಿ, ಎಡದಿಂದ ಕೆಳಗಿಳಿದು ಬಲಕ್ಕೆ ಸಾಗುತ್ತದೆ. ಗಾಜಿನ ಒಳಗಿನಿಂದ ನೋಡುವವರಿಗೆ ಅದೇ ನೆರಳು ಮುಳ್ಳಿನ ದಾರಿಯಲ್ಲೇ ನಡೆಯುತ್ತದೆ.

ದಕ್ಷಿಣದ ಗಾಜಿಗೆ ಬಿಸಿಲಿಲ್ಲದ ನಾಲ್ಕು ತಿಂಗಳು

ಇಂಗ್ಲೆಂಡಿನಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ಅಲ್ಲಿ ದಕ್ಷಿಣದ ಕಿಟಕಿಯೊಂದೇ ಸಾಕು. ಮೈಸೂರಿನಲ್ಲಿ ಏಪ್ರಿಲ್ 22ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ಮಾರನೆಯ ದಿನದಿಂದ ಉತ್ತರಕ್ಕೆ ವಾಲುತ್ತಾನೆ. ಆಗಸ್ಟ್ 20ರ ಸುಮಾರಿಗೆ ಮತ್ತೆ ನೆತ್ತಿಗೆ ಬಂದು ದಕ್ಷಿಣಕ್ಕೆ ಮರಳುತ್ತಾನೆ. ನಡುವಿನ ನಾಲ್ಕು ತಿಂಗಳು ಸೂರ್ಯ ಹುಟ್ಟುವುದು ಉತ್ತರಕ್ಕೆ ವಾಲಿ, ಏರುವುದು ಉತ್ತರದಲ್ಲಿ, ಮುಳುಗುವುದೂ ಉತ್ತರಕ್ಕೆ ವಾಲಿಯೇ. ಸರಿಯಾಗಿ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಆ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದು ಎಳೆ ನೇರ ಬಿಸಿಲೂ ಬೀಳುವುದಿಲ್ಲ. ಇದನ್ನು ನಂಬಲು ಮೇ ತಿಂಗಳಲ್ಲಿ ಒಂದು ದಿನ ಮನೆಯ ತೆಂಕಣ ಗೋಡೆಯನ್ನು ಗಮನಿಸಿದರೆ ಸಾಕು.

ಆದ್ದರಿಂದ ಎರಡನೆಯ ಗಾಜು ಬಡಗಣ ಗೋಡೆಗೆ. ಅಲ್ಲಿಯ ಕಡ್ಡಿ ಧ್ರುವ ನಕ್ಷತ್ರದ ಕಡೆಗೆ 12.3 ಡಿಗ್ರಿ ಮೇಲ್ಮುಖವಾಗಿರುತ್ತದೆ. ಗೆರೆಗಳ ಕೋನ ಅವೇ. ಆದರೆ ಒಳಗಿನಿಂದ ನೋಡಿದರೆ ನೆರಳಿನ ನಡೆ ಮುಳ್ಳಿಗೆ ಎದುರು. ಲಂಡನ್ನಿನಲ್ಲಿ ಉತ್ತರದ ಗೋಡೆ ಬೇಸಿಗೆಯ ಎಳೆಬೆಳಗು ಮತ್ತು ಸಂಜೆಯ ಕೆಲವು ಗಂಟೆಗಳನ್ನಷ್ಟೇ ಹೇಳಬಲ್ಲದು. ಇಲ್ಲಿ ಅದು ಮೇ ತಿಂಗಳಲ್ಲಿ ಇಡೀ ಹಗಲನ್ನು ಹೇಳುತ್ತದೆ. ಜೂನ್ ಬಂದಮೇಲೆ ಮೋಡದ ಮರ್ಜಿ.

ಸೆಪ್ಟೆಂಬರ್ 23ರಿಂದ ಮಾರ್ಚ್ 21ರವರೆಗೆ ಹಗಲೆಲ್ಲ ದಕ್ಷಿಣದ ಗಾಜಿನದೇ ಕೆಲಸ. ಉಳಿದ ವಾರಗಳಲ್ಲಿ ಎರಡೂ ಗಾಜು ಹೊತ್ತನ್ನು ಹಂಚಿಕೊಳ್ಳುತ್ತವೆ: ಬೆಳಗ್ಗೆ ಉತ್ತರ, ನಡುಹಗಲು ದಕ್ಷಿಣ, ಸಂಜೆ ಮತ್ತೆ ಉತ್ತರ.

ಸಜ್ಜಾ ಮತ್ತು ಕಡ್ಡಿಯ ದಪ್ಪ

ಸೂರ್ಯ ಇಷ್ಟು ಎತ್ತರದಲ್ಲಿರುವ ಊರಿನಲ್ಲಿ ಗೋಡೆಯ ಮೇಲಿನ ನೆರಳು ಬಹಳ ಉದ್ದ. ಗೋಡೆಯಿಂದ 10 ಸೆಂಟಿಮೀಟರ್ ಚಾಚಿದ ಕಡ್ಡಿಯ ತುದಿಯ ನೆರಳು ಡಿಸೆಂಬರ್ 21ರ ಮಧ್ಯಾಹ್ನ ಬುಡದಿಂದ ಸುಮಾರು 16 ಸೆಂಟಿಮೀಟರ್ ಕೆಳಗೆ ಬಿದ್ದರೆ, ಮಾರ್ಚ್ 21ಕ್ಕೆ 48 ಸೆಂಟಿಮೀಟರ್ ಕೆಳಗೆ. ಏಪ್ರಿಲ್ ಹೊತ್ತಿಗೆ ಅದು ಕಿಟಕಿಯನ್ನೇ ದಾಟಿ ಹೋಗುತ್ತದೆ.

ಹೀಗಾಗಿ ದೊಡ್ಡ ತೊಡಕು ಬರುವುದು ಸಜ್ಜಾದಿಂದ. ನಮ್ಮ ಮನೆಗಳ ಕಿಟಕಿಗಳಿಗೆಲ್ಲ ಮಳೆ, ಬಿಸಿಲು ತಡೆಯಲು ಸಜ್ಜಾ ಇರುತ್ತದೆ. ಒಂದೂವರೆ ಅಡಿ ಚಾಚಿದ ಸಜ್ಜಾ ಮಾರ್ಚ್ 21ರ ಮಧ್ಯಾಹ್ನ ತನ್ನ ಕೆಳಗಿನ ಸುಮಾರು ಏಳು ಅಡಿ ಗೋಡೆಯನ್ನು ನೆರಳಿನಲ್ಲಿ ಮುಳುಗಿಸುತ್ತದೆ. ಡಿಸೆಂಬರಿನಲ್ಲೂ ಎರಡು ಅಡಿ. ಅಡುಗೆಮನೆಯ ಕಿಟಕಿಗೆ ಗಾಜಿನ ಗಡಿಯಾರ ಹಾಕಿದರೆ ಅದಕ್ಕೆ ಬಿಸಿಲೇ ತಾಗದು. ಮಹಡಿಗೆ ಹೋಗುವ ಮೆಟ್ಟಿಲಿನ ಗೋಡೆಗೆ ಸಜ್ಜಾ ಇಲ್ಲದೆ ಉದ್ದಕ್ಕೆ ಗಾಜು ಹಾಕುವ ರೂಢಿ ಇದೆಯಲ್ಲ, ಅದೇ ಸರಿಯಾದ ಜಾಗ. ಓಣಿಯಲ್ಲಿ ಎದುರುಮನೆ ತೀರ ಹತ್ತಿರವಿದ್ದರೂ ಎತ್ತರದ ಸೂರ್ಯ ಅಲ್ಲಿಗೆ ಇಳಿಯುತ್ತಾನೆ. ಈ ವಿಷಯದಲ್ಲೂ ಕಡಿಮೆ ಅಕ್ಷಾಂಶ ನಮ್ಮ ಪರ.

ಕಡ್ಡಿ ಎಷ್ಟು ದಪ್ಪವಿರಬೇಕು? ಸೂರ್ಯ ಒಂದು ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಅದರಿಂದ ನೆರಳಿನ ಅಂಚು ಮಬ್ಬಾಗುತ್ತದೆ. ಕಡ್ಡಿಯಿಂದ ಗಾಜಿಗೆ ಬಿಸಿಲು ಸಾಗುವ ದೂರ ಕಡ್ಡಿಯ ದಪ್ಪದ 108 ಪಟ್ಟು ದಾಟಿದರೆ ನೆರಳಿನ ಕಪ್ಪು ತಿರುಳೇ ಕರಗಿಹೋಗುತ್ತದೆ. ಸೈಕಲ್ ಚಕ್ರದ ಕಡ್ಡಿ 2 ಮಿಲಿಮೀಟರ್ ದಪ್ಪ. ಸುಮಾರು 21 ಸೆಂಟಿಮೀಟರಿನವರೆಗೆ ಅದರ ನೆರಳು ಗಟ್ಟಿ. ಆದ್ದರಿಂದ ತುದಿಯನ್ನು ಬಿಟ್ಟು ಬುಡದ ಹತ್ತಿರದ ನೆರಳನ್ನೇ ನಂಬಬೇಕು. ಸೀಸ, ಗೂಡು ಯಾವುದೂ ಇಲ್ಲದೆ ಪರೀಕ್ಷೆ ಮಾಡುವವರು ಗಾಜಿನ ಒಳಬದಿಗೆ ಬಟರ್ ಪೇಪರ್ ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ ಮೇಲಿನ ಕೋನಗಳ ಗೆರೆ ಎಳೆದು, ಹೊರಗೆ ಚೌಕಟ್ಟಿಗೆ ಕಡ್ಡಿ ಬಿಗಿದರೆ ಆಯಿತು.

ಮೊಬೈಲಿಗೂ ನೆರಳಿಗೂ ನಡುವೆ

ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, 1906ರ ಜನವರಿ 1ರಿಂದ. ಕುಂಬಾರಕೊಪ್ಪಲು ಅದಕ್ಕಿಂತ ಸುಮಾರು 5.9 ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಇಲ್ಲಿನ ನೆರಳು ಸರಾಸರಿ ಸುಮಾರು 23.5 ನಿಮಿಷ ಹಿಂದೆ. ಇದರ ಜೊತೆಗೆ ಭೂಮಿಯ ಕಕ್ಷೆ ಅಂಡಾಕಾರ, ಅದರ ಅಕ್ಷ ಓರೆ. ಈ ಎರಡು ಕಾರಣದಿಂದ ಸೂರ್ಯನ ದಿನ ಕೆಲವೊಮ್ಮೆ ಮುಂದೆ, ಕೆಲವೊಮ್ಮೆ ಹಿಂದೆ ಜಾರುತ್ತದೆ. ನವೆಂಬರ್ 3ರ ಹೊತ್ತಿಗೆ ನೆರಳು ಮೊಬೈಲಿಗಿಂತ 7 ನಿಮಿಷ ಮಾತ್ರ ಹಿಂದೆ, ಫೆಬ್ರುವರಿ 11ಕ್ಕೆ 38 ನಿಮಿಷ. ಆ 23.5 ನಿಮಿಷವನ್ನು ಗೆರೆಗಳಲ್ಲೇ ಕಳೆಯಬಹುದು: ದಕ್ಷಿಣದ ಗಾಜಿನ ಹನ್ನೆರಡರ ಗೆರೆಯನ್ನು ಒಳಗಿನಿಂದ ನೋಡುವಾಗ ಸುಮಾರು 6 ಡಿಗ್ರಿ ಬಲಕ್ಕೆ ಎಳೆದು, ಉಳಿದವನ್ನೂ ಅದೇ ಲೆಕ್ಕದಲ್ಲಿ ಸರಿಸಬೇಕು. ನನಗೆ ಆ ತಿದ್ದುಪಡಿ ಇಷ್ಟವಿಲ್ಲ. ನೆಟ್ಟಗಿನ ಗೆರೆಯ ಮೇಲೆ ನೆರಳು ಬಿದ್ದಾಗ ನಮ್ಮ ಮನೆಯ ಮೇಲೆ ನಿಜವಾಗಿ ಮಟಮಟ ಮಧ್ಯಾಹ್ನ ಎಂದು ಹೇಳಬಲ್ಲ ವಸ್ತು ಮನೆಯಲ್ಲಿ ಅದೊಂದೇ.

ಶಂಕು ಮತ್ತು ಗಳಿಗೆ ಬಟ್ಟಲು

ನೆರಳು ಅಳೆಯುವುದು ಈ ನೆಲಕ್ಕೆ ಹೊಸದಲ್ಲ. ಸೂರ್ಯಸಿದ್ಧಾಂತದ ತ್ರಿಪ್ರಶ್ನಾಧಿಕಾರದಲ್ಲಿ 12 ಅಂಗುಲದ ಶಂಕುವಿನಿಂದ ದಿಕ್ಕು, ದೇಶ, ಕಾಲ ಮೂರನ್ನೂ ಕಂಡುಕೊಳ್ಳುವ ವಿಧಾನವಿದೆ. ಹಗಲುರಾತ್ರಿ ಸಮನಾದ ದಿನದ ಮಧ್ಯಾಹ್ನ ಶಂಕುವಿನ ನೆರಳು ಎಷ್ಟು ಅಂಗುಲವೋ ಅದು ಆ ಊರಿನ ಪಲಭಾ. ಮೈಸೂರಿಗೆ ಅದು ಸುಮಾರು 2.6 ಅಂಗುಲ. ನಮ್ಮ ಅಕ್ಷಾಂಶವನ್ನು ಡಿಗ್ರಿಯ ಬದಲು ನೆರಳಿನಲ್ಲಿ ಹೇಳುವ ಕ್ರಮ ಇದು. ಭಾಸ್ಕರಾಚಾರ್ಯರ ಸಿದ್ಧಾಂತಶಿರೋಮಣಿಯಲ್ಲಿ (1150) ಕಾಲ ಅಳೆಯುವ ಯಂತ್ರಗಳಿಗೇ ಒಂದು ಅಧ್ಯಾಯ ಮೀಸಲು.

ಬಿಸಿಲಿಲ್ಲದಾಗ ನೀರು. ತಳದಲ್ಲಿ ಸಣ್ಣ ತೂತಿರುವ ಗಳಿಗೆ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಅದು ತುಂಬಿ ಮುಳುಗಲು ಹಿಡಿಯುವ ಹೊತ್ತು ಒಂದು ಗಳಿಗೆ, ಅಂದರೆ 24 ನಿಮಿಷ. ಘಟ ಎಂದರೆ ಮಡಕೆ. ಘಟಿ, ಘಳಿಗೆ, ಗಡಿಯಾರ ಎಲ್ಲವೂ ಆ ಮಡಕೆಯ ಬಳಗದ ಪದಗಳು. ಮಡಕೆ ಮಾಡುವವರ ಹೆಸರು ಹೊತ್ತ ಊರಿನಲ್ಲಿ ಹೊತ್ತಿನ ಮಾತಾಡುವಾಗ ಇದು ನೆನಪಾಗದೆ ಇರದು. ಕುಂಬಾರಕೊಪ್ಪಲಿನ ನೆರಳು ಸರಾಸರಿಯಲ್ಲಿ ಮೊಬೈಲಿಗಿಂತ ಹಿಂದಿರುವುದೂ ಹೆಚ್ಚುಕಡಿಮೆ ಒಂದು ಗಳಿಗೆಯಷ್ಟೇ.

ನೆರಳು ನೋಡುವವರ ಕೂಟ

ಬ್ರಿಟಿಷ್ ಸನ್‌ಡಯಲ್ ಸೊಸೈಟಿ ಹುಟ್ಟಿದ್ದು 1989ರಲ್ಲಿ, ಉತ್ತರ ಅಮೆರಿಕದ ಇಂಥದ್ದೇ ಸಂಘ 1994ರಲ್ಲಿ. ವರ್ಷಕ್ಕೊಮ್ಮೆ ಸೇರುತ್ತಾರೆ. ತಾವು ಮಾಡಿದ ಗಡಿಯಾರಗಳನ್ನು ತರುತ್ತಾರೆ, ಲೆಕ್ಕ ಒಪ್ಪಿಸುತ್ತಾರೆ, ಆ ಊರಿನ ಹಳೆಯ ನೆರಳು ಗಡಿಯಾರಗಳನ್ನು ನೋಡಲು ಒಟ್ಟಾಗಿ ಹೊರಡುತ್ತಾರೆ. ಎಲ್ಲೆಲ್ಲಿ ಯಾವ ಗಡಿಯಾರ ಉಳಿದಿದೆ ಎಂಬ ದಾಖಲೆ ಪುಸ್ತಕವನ್ನೂ ಇಟ್ಟಿದ್ದಾರೆ. ಮರೆತುಹೋದ ಗಾಜಿನ ಗಡಿಯಾರಗಳನ್ನು ಮತ್ತೆ ಗುರುತಿಸಲು ಇಂಥ ಹವ್ಯಾಸಿಗಳ ಶ್ರಮ ಬಹಳ ನೆರವಾಗಿದೆ.

ಕರ್ನಾಟಕದ ಕೂಟಗಳು ಬೇರೆ ಬಗೆಯವು. ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಮಕರ ಸಂಕ್ರಾಂತಿಯ ಸಂಜೆ ಬಿಸಿಲಿನ ಕೋಲು ಕಿಟಕಿಯಿಂದ ಹೊಕ್ಕು, ನಂದಿಯ ಕೊಂಬುಗಳ ನಡುವೆ ಹಾಯ್ದು ಲಿಂಗವನ್ನು ಮುಟ್ಟುತ್ತದೆ. ನೋಡಲು ಜನ ಕಿಕ್ಕಿರಿಯುತ್ತಾರೆ. ನವೆಂಬರ್ ಕೊನೆಯ ದಿನಗಳಲ್ಲೂ ಇದೇ ಆಗುತ್ತದೆ, ಏಕೆಂದರೆ ಆಗಲೂ ಸೂರ್ಯ ದಕ್ಷಿಣಕ್ಕೆ ಅಷ್ಟೇ ವಾಲಿರುತ್ತಾನೆ. ಆಗ ಗುಡಿಯಲ್ಲಿ ಆ ಜನಸಂದಣಿ ಇಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಮತ್ತು ಜೊತೆಗಾರರು ಡೇನಿಯಲ್ ಎಂಬ ಚಿತ್ರಕಾರರು 1792ರಲ್ಲಿ ಬರೆದ ಈ ಗುಡಿಯ ಚಿತ್ರಗಳನ್ನು ಇಂದಿನ ಕಟ್ಟಡದೊಂದಿಗೆ ಹೋಲಿಸಿ ಅಧ್ಯಯನ ಮಾಡಿದ್ದಾರೆ. ಶೃಂಗೇರಿಯ ವಿದ್ಯಾಶಂಕರ ಗುಡಿಯಲ್ಲಿ ಹನ್ನೆರಡು ರಾಶಿಗಳ ಹನ್ನೆರಡು ಕಂಬಗಳಿವೆ. ಆಯಾ ತಿಂಗಳಲ್ಲಿ ಬಿಸಿಲು ಆಯಾ ಕಂಬಕ್ಕೆ ಬೀಳುತ್ತದೆ ಎಂದು ಅಲ್ಲಿನವರು ಹೇಳುತ್ತಾರೆ.

ಈಚಿನ ವರ್ಷಗಳಲ್ಲಿ, ಸೂರ್ಯ ನೆತ್ತಿಯ ಮೇಲೆ ಬರುವ ಶೂನ್ಯ ನೆರಳಿನ ದಿನ ಜನಪ್ರಿಯವಾಗಿದೆ. 2023ರ ಏಪ್ರಿಲ್ 25ರಂದು ಮಧ್ಯಾಹ್ನ 12:17ಕ್ಕೆ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಅಂಗಳದಲ್ಲಿ ಮಕ್ಕಳು, ದೊಡ್ಡವರು ಡಬ್ಬಿ, ಬಾಟಲಿ, ಕೊಳವೆಗಳನ್ನು ನಿಲ್ಲಿಸಿ ನೆರಳು ಮಾಯವಾಗುವುದನ್ನು ನೋಡಿದರು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘವೂ ಕರಾವಳಿಯಲ್ಲಿ ಇದನ್ನು ಆಚರಿಸುತ್ತ ಬಂದಿದೆ. ಮೈಸೂರಿನಲ್ಲಿ ಜನರನ್ನು ಆಕಾಶದತ್ತ ತಿರುಗಿಸಿದವರು ಕನ್ನಡ ವಿಶ್ವಕೋಶದ ವಿಜ್ಞಾನ ಸಂಪಾದಕರಾಗಿದ್ದ ಜಿ.ಟಿ. ನಾರಾಯಣರಾವ್ (1926–2008). ಅವರು ಕಲಿಸಿದ್ದು ರಾತ್ರಿಯ ಆಕಾಶವನ್ನು ಬರಿಗಣ್ಣಿನಿಂದ ಓದುವುದು. ಹಗಲಿನ ಆಕಾಶವನ್ನು ಓದಲು ಬರಿಗಣ್ಣು ಬೇಡ, ನೆರಳು ಸಾಕು.

ಎರಡೂ ಗಾಜು ಸಿಕ್ಕಿಸಿದ ಮನೆಯಲ್ಲಿ ಶೂನ್ಯ ನೆರಳಿನ ದಿನಕ್ಕೆ ವಾರಗಳ ಮೊದಲೇ ಸಿದ್ಧತೆ ಕಾಣುತ್ತದೆ. ಏಪ್ರಿಲ್ 10ರ ಸುಮಾರಿಗೆ ದಕ್ಷಿಣದ ಗಾಜಿಗೆ ಬಿಸಿಲು ತಾಗುವುದು ಬೆಳಗ್ಗೆ 9ಕ್ಕೆ, ಬಿಡುವುದು 3:45ಕ್ಕೆ. ಏಪ್ರಿಲ್ 20ಕ್ಕೆ ಅದು 11ರಿಂದ 1:45ರವರೆಗಿನ ಕಿರು ಅವಧಿಗೆ ಇಳಿದಿರುತ್ತದೆ. ಅದಕ್ಕೆ ಮೊದಲೂ ಆಮೇಲೂ ನೆರಳು ಉತ್ತರದ ಗಾಜಿನ ಮೇಲೆ. 22ರ ಸುಮಾರಿಗೆ, ಗಡಿಯಾರದಲ್ಲಿ 12:22 ಆಗುವ ಹೊತ್ತಿಗೆ, ತಾರಸಿಯ ಮೇಲೆ ನಿಲ್ಲಿಸಿದ ಚೊಂಬಿನ ನೆರಳು ಅದರ ಬುಡದೊಳಗೆ ಸೇರಿಕೊಳ್ಳುತ್ತದೆ. ಕೆಳಗೆ ಎರಡೂ ಗೋಡೆಗಳ ಗಾಜುಗಳ ಮೇಲೆ ಬಿಸಿಲು ಸವರಿದಂತೆ ಇಳಿದು ಹೋಗುತ್ತದೆ. ಅಲ್ಲಿಂದ ಆಗಸ್ಟ್ 20ರ ಸುಮಾರಿನವರೆಗೆ ಹೊತ್ತು ನೋಡಲು ಬಡಗಣ ಕಿಟಕಿಗೇ ಹೋಗಬೇಕು.